ಅಸ್ತ್ರವಿದ್ಯೆ ಮತ್ತು ಉಪಸಂಹಾರ

ಪ್ರಹಾರಕ್ಕಾಗಿ ಕಲಿತ ವಿದ್ಯೆಯು ಮುಂದೊಂದು ಕಾಲದಲ್ಲಿ ಪಾಲನೆಗೆ ತಿರುಗಿದಾಗ, ಅದನ್ನು ಕಲಿತವನ ಧರ್ಮವೇ ಬದಲಾಯಿತೆನ್ನಬೇಕೋ, ಮೊದಲಿನಿಂದಲೂ ಅವನಲ್ಲಿದ್ದ ಧರ್ಮವು ಈಗ ಪೂರ್ಣವಾಗಿ ಪ್ರಕಟವಾಯಿತೆನ್ನಬೇಕೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಸ್ವಧರ್ಮವನ್ನು ತ್ಯಜಿಸಲಾಗದೆಂದು ಗೀತಾಚಾರ್ಯನು ಬೋಧಿಸಿದ್ದು ರಣರಂಗದ ನಡುವೆ ನಿಂತ ಯೋಧನಿಗೆ. ರಣಸೇವೆಯನ್ನು ಮುಗಿಸಿ ಹೊರಬಂದವನ ಸ್ವಧರ್ಮ ಯಾವುದು?

ಅಮೆರಿಕದ ಚೆಸ್ಲಿ ಸಲೆನ್‌ಬರ್ಗರ್ ಅವರ ಜೀವನವು ಈ ಪ್ರಶ್ನೆಗೆ ಒಂದು ಉತ್ತರವೀಯುತ್ತದೆ. 1973ರಲ್ಲಿ ವಾಯುಪಡೆಯ ಅಕಾಡೆಮಿಯಿಂದ ಪದವಿ ಪಡೆದು, ಎಫ್-4 ಫ್ಯಾಂಟಮ್ ಯುದ್ಧವಿಮಾನಗಳನ್ನು ನಡೆಸಿದ ಅವರು, 1980ರಲ್ಲಿ ಪ್ರಯಾಣಿಕ ವಿಮಾನಸಂಸ್ಥೆಯೊಂದನ್ನು ಸೇರಿದರು. ಅಲ್ಲಿಯ ವಿಮಾನಸಂಸ್ಥೆಗಳಲ್ಲಿ ಜ್ಯೇಷ್ಠತೆಯನ್ನು ಗಣಿಸುವುದು ಸೇರಿದ ದಿನದಿಂದ. ಸೈನ್ಯದಲ್ಲಿ ಗಳಿಸಿದ ಪದವಿಯು ಆ ಪಟ್ಟಿಯಲ್ಲಿ ಲೆಕ್ಕಕ್ಕೆ ಬಾರದು. ತನ್ನ ಆಜ್ಞೆಗೆ ಇತರರು ವಿಧೇಯರಾಗಿದ್ದುದನ್ನು ಕಂಡವನು ಮತ್ತೆ ಕಿರಿಯನಾಗಿ ಕುಳಿತು, ಕ್ಯಾಪ್ಟನ್ ಪದವಿಗಾಗಿ ವರ್ಷಗಟ್ಟಲೆ ಕಾಯಬೇಕಾದ ಈ ಕ್ರಮವನ್ನು ವೈರಾಗ್ಯದ ಪ್ರಥಮ ಪಾಠವೆಂದು ಕರೆದರೆ ಅತಿಶಯೋಕ್ತಿಯಾಗದು.

ಇದಕ್ಕಿಂತ ಗಹನವಾದ ಭೇದವೊಂದುಂಟು. ಫ್ಯಾಂಟಮಿನಲ್ಲಿ ವಿಪತ್ತೊದಗಿದರೆ ಚಾಲಕನನ್ನು ಆಸನಸಮೇತ ಹೊರಕ್ಕೆ ಚಿಮ್ಮಿಸಿ ಪ್ಯಾರಾಚೂಟಿನಿಂದ ನೆಲಕ್ಕಿಳಿಸುವ ಸಾಧನವಿತ್ತು. ಪ್ರಯಾಣಿಕ ವಿಮಾನದ ಕ್ಯಾಪ್ಟನ್ನನಿಗಾದರೋ ಅಂಥ ಬಿಡುಗಡೆಯಿಲ್ಲ, ಹಿಂದೆ ಕುಳಿತ ಅಪರಿಚಿತರ ಗತಿಯೇ ತನ್ನ ಗತಿ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಿಂದ ಮೇಲೇರುತ್ತಿದ್ದ ಅವರ ಏರ್‌ಬಸ್ ವಿಮಾನಕ್ಕೆ ಹೆಬ್ಬಾತುಗಳ ಹಿಂಡು ಅಪ್ಪಳಿಸಿ ಎರಡು ಇಂಜಿನುಗಳೂ ಶಕ್ತಿಗುಂದಿದಾಗ, ಸುಮಾರು ಮೂರೂವರೆ ನಿಮಿಷಗಳೊಳಗೆ, ಸಹಚಾಲಕ ಜೆಫ್ರಿ ಸ್ಕೈಲ್ಸ್ ಅವರ ನೆರವಿನಿಂದ, ಅವರು ಅದನ್ನು ಹಡ್ಸನ್ ನದಿಯ ಮೇಲಿಳಿಸಿದರು. ನೀರು ನುಗ್ಗುತ್ತಿದ್ದ ವಿಮಾನದೊಳಗೆ ಎರಡು ಬಾರಿ ನಡೆದು, ಯಾರೂ ಉಳಿದಿಲ್ಲವೆಂದು ನಿಶ್ಚಯಿಸಿಕೊಂಡ ಮೇಲೆಯೇ ಅವರು ಹೊರಬಂದರು. ಒಳಗಿದ್ದ 155 ಮಂದಿಯೂ ಬದುಕಿದರು.

ಇಲ್ಲಿ ಮಹಾಭಾರತದ ಸೌಪ್ತಿಕಪರ್ವವು ನೆನಪಾಗುತ್ತದೆ. ಅಶ್ವತ್ಥಾಮ, ಅರ್ಜುನರಿಬ್ಬರೂ ದ್ರೋಣನಿಂದಲೇ ಕಲಿತ ಬ್ರಹ್ಮಶಿರಾಸ್ತ್ರವನ್ನು ಪ್ರಯೋಗಿಸಿದರು. ಲೋಕಕ್ಕೆ ಪ್ರಳಯವಾದೀತೆಂದು ನಾರದವ್ಯಾಸರು ನಡುವೆ ಬಂದು ನಿಂತಾಗ, ವ್ರತನಿಷ್ಠನಾದ ಅರ್ಜುನನು ತನ್ನ ಅಸ್ತ್ರವನ್ನು ಹಿಂತೆಗೆದುಕೊಂಡನು, ಗುರುಪುತ್ರನಿಂದ ಅದಾಗಲಿಲ್ಲ. ವಿದ್ಯೆಯು ಸಮಾನವಾಗಿದ್ದರೂ ಸಂಯಮವು ಸಮಾನವಾಗಿರಲಿಲ್ಲ.

ಹೀಗೆಂದಮಾತ್ರಕ್ಕೆ ಸೈನಿಕವೃತ್ತಿಯು ಪಾಪ, ಪ್ರಯಾಣಿಕರ ಸೇವೆಯು ಅದಕ್ಕೆ ಪ್ರಾಯಶ್ಚಿತ್ತ ಎಂದು ಬಗೆಯುವುದು ತಪ್ಪು. ಶಸ್ತ್ರ ಹಿಡಿದ ದಿನಗಳಲ್ಲಿಯೇ ಸಂಯಮವನ್ನು ಅಭ್ಯಾಸ ಮಾಡಿದವನಿಗೆ ಎರಡನೆಯ ವೃತ್ತಿಯು ಪರಧರ್ಮವಾಗಿ ತೋರದು. ಅಭ್ಯಾಸವಿಲ್ಲದವನಿಗೆ ಸಮವಸ್ತ್ರ ಬದಲಾದರೂ ಅಹಂಕಾರ ಬದಲಾಗದು. ಆ ನದಿಯ ಮೇಲೆ ಫಲಿಸಿದ ಸ್ಥೈರ್ಯವು ಒಂದು ದಿನದ ಸಂಪಾದನೆಯಲ್ಲ. ಸೈನ್ಯದ ಶಿಸ್ತೂ ದಶಕಗಳ ನಾಗರಿಕ ಹಾರಾಟವೂ ಅದರಲ್ಲಿ ಏಕವಾಗಿದ್ದುವು. ಕೌಶಲವನ್ನು ದೇಶವು ಕಲಿಸಬಹುದು, ಸಂಸ್ಥೆಯು ವೇತನ ಕೊಟ್ಟು ಕೊಳ್ಳಬಹುದು. ಅದನ್ನು ಅನ್ಯರ ಪ್ರಾಣಕ್ಕೆ ಅಧೀನವಾಗಿಡುವ ಸಂಕಲ್ಪವನ್ನು ಮಾತ್ರ ಪ್ರತಿಯೊಬ್ಬನೂ ತಾನೇ ಮಾಡಬೇಕು, ಮತ್ತು ಅವನ ಸ್ವಧರ್ಮವು ನೆಲೆಸಿರುವುದು ಆ ಸಂಕಲ್ಪದಲ್ಲಿಯೇ.