ಎಣಿಸುವವನ ಅಮಾನತು

ನೋಂದಣಿ ಇಲ್ಲದೆ ವೈದ್ಯವೃತ್ತಿ ನಡೆಸುವವರು ನಮ್ಮ ದೇಶದಲ್ಲಿ ಎಷ್ಟು ಮಂದಿ? ಮೆಡಿಕಲ್ ಕೌನ್ಸಿಲಿನ ಪಟ್ಟಿಯನ್ನು ಕೇಳಿ ಫಲವಿಲ್ಲ. ಪಟ್ಟಿಯಲ್ಲಿ ಇಲ್ಲದವರನ್ನೇ ಅಲ್ಲವೇ ನಾವು ಹುಡುಕುತ್ತಿರುವುದು! ಸಮೀಕ್ಷೆ ಬಲ್ಲವರು ಬೋರ್ಡುಗಳನ್ನು ಎಣಿಸುವುದಿಲ್ಲ. ಮನೆಮನೆಗೆ ಹೋಗಿ 'ಜ್ವರ ಬಂದರೆ ಯಾರ ಬಳಿ ಹೋಗುತ್ತೀರಿ?' ಎಂದು ಕೇಳುತ್ತಾರೆ. ಜನ ಹೇಳಿದ ಹೆಸರುಗಳ ಜಾಡು ಹಿಡಿದರೆ ಔಷಧಿ ಅಂಗಡಿಯ ಹಿಂದಿನ ಬೆಂಚು, ಬೈಕಿನಲ್ಲಿ ಚೀಲ ನೇತುಹಾಕಿಕೊಂಡು ಬರುವ 'ಆರೆಂಪಿ ಡಾಕ್ಟರು', ಸೂಲಗಿತ್ತಿ ಎಲ್ಲರೂ ಸಿಗುತ್ತಾರೆ. ಇವರನ್ನೆಲ್ಲ 'ನಕಲಿ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ನಮಗೆ ಒಪ್ಪಿಗೆಯಿಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು.

2001ರ ಜನಗಣತಿಯಲ್ಲಿ ತಾವು ಅಲೋಪಥಿ ಡಾಕ್ಟರೆಂದು ಬರೆಸಿದವರ ಉದ್ಯೋಗ ಮತ್ತು ವಿದ್ಯಾಭ್ಯಾಸದ ಕಾಲಂಗಳನ್ನು ತಾಳೆ ನೋಡಿದ ವರದಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಶೇ. 57.3 ಮಂದಿಗೆ ವೈದ್ಯಕೀಯ ಅರ್ಹತೆ ಇರಲಿಲ್ಲ. ಶೇ. 31.4 ಮಂದಿಯ ಓದು ಸೆಕೆಂಡರಿ ಶಾಲೆಗೇ ನಿಂತಿತ್ತು. ಇಷ್ಟು ಜನ ಸರಕಾರದ ಮುಂದೆ ಬಾಯಿಬಿಟ್ಟರೆ? ಹೌದು, ಬಿಟ್ಟರು. ಅವರಿಗೆ ತಿಳಿದಿತ್ತೋ ಇಲ್ಲವೋ, 1948ರ ಜನಗಣತಿ ಕಾಯ್ದೆ ಅವರ ಬೆನ್ನಿಗಿತ್ತು. ಗಣತಿಯ ಪುಸ್ತಕವನ್ನು ಯಾರೂ ತೆರೆಸಿ ನೋಡುವಂತಿಲ್ಲ, ಅದರ ಬರಹವನ್ನು ಅವರ ವಿರುದ್ಧ ಸಾಕ್ಷ್ಯವಾಗಿ ತರುವಂತಿಲ್ಲ.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ಅದೇ ಶಬ್ದ ಕನ್ನಡದ ಕಚೇರಿಗಳಿಗೆ ಬಂದು ನೌಕರನನ್ನು ಕೆಲಸದಿಂದ ಹೊರಗಿಡುವುದಾಯಿತು. ಸಮೀಕ್ಷೆಯವನ ಕೈಯಲ್ಲಿರುವ ಹೆಸರು ಮೊದಲನೆಯ ಅರ್ಥದ್ದು. ನಾಳೆ ಅದೇ ಪಟ್ಟಿ ಹಿಡಿದು ಪೊಲೀಸರು ಬಾಗಿಲು ತಟ್ಟಿದರೆ ಅದು ಎರಡನೆಯದಾಗುತ್ತದೆ. ಆಮೇಲೆ ಆ ಊರಿನಲ್ಲಿ ಯಾರೂ ಯಾರ ಹೆಸರನ್ನೂ ಹೇಳಲಾರರು.

ಹಾಗಾದರೆ ರೋಗಿಯ ಗತಿ? 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರ್‌ಮವು ಪರಿಸರದಲ್ಲಿ ಹಲವರಿಗೆ ಎಚ್‌ಐವಿ ತಗುಲಿದ್ದು ಬಯಲಾದಾಗ, ಒಂದೇ ಸೂಜಿಯನ್ನು ಮತ್ತೆ ಮತ್ತೆ ಚುಚ್ಚಿದ ಅರ್ಹತೆಯಿಲ್ಲದವನೊಬ್ಬನ ಮೇಲೆ ಆರೋಪ ಬಂತು. ಅಂಥದ್ದನ್ನು ಕಣ್ಣಾರೆ ಕಂಡ ಸಮೀಕ್ಷೆಯವನು ಗುಟ್ಟಿನ ನೆಪದಲ್ಲಿ ಸುಮ್ಮನಿದ್ದರೆ ಅದೂ ದ್ರೋಹವೇ. ಆದ್ದರಿಂದ ಜೀವಕ್ಕೆ ಅಪಾಯ ಕಂಡರೆ ತಡೆಯುತ್ತೇನೆ, ತಿಳಿಸಬೇಕಾದವರಿಗೆ ತಿಳಿಸುತ್ತೇನೆ ಎಂಬುದನ್ನು ಆತ ಹೊಸ್ತಿಲಲ್ಲೇ, ಮೊದಲ ಪ್ರಶ್ನೆಗೂ ಮುಂಚೆ, ಹೇಳಿಬಿಡಬೇಕು. ಉಳಿದ ಹೆಸರುಗಳು ಅವನಲ್ಲೇ ಇರಲಿ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳ ನೋಂದಣಿಗೆ 2007ರ ಕಾಯ್ದೆ ಇದೆ, ಅದರ ತಪಾಸಣೆಯನ್ನು ಬೇರೆ ಅಧಿಕಾರಿ ಬೇರೆ ದಾರಿಯಲ್ಲಿ ಮಾಡಲಿ.

ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ಇಂಥ 304 ಮಂದಿ ತಾವಾಗಿ ಹೆಸರು ಕೊಟ್ಟರು. ಅವರಲ್ಲಿ ಅರ್ಧದಷ್ಟು ಜನರಿಗೆ ಒಂಬತ್ತು ತಿಂಗಳ ತರಬೇತಿ ಸಿಕ್ಕಿತು. 2016ರಲ್ಲಿ ಹೊರಬಂದ ಫಲಿತಾಂಶದಂತೆ ಅವರ ಚಿಕಿತ್ಸೆ ಸುಧಾರಿಸಿತ್ತು. ಬೇಡದ ಔಷಧಿ ಕೊಡುವ ಚಾಳಿ ಮಾತ್ರ ಕಡಿಮೆಯಾಗಿರಲಿಲ್ಲ.