ಇರವಿನ ಲೆಕ್ಕ

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವವನಿಗೆ ಮಾತುಗಳ ಬಗೆಗೆ ಒಂದು ಬಗೆಯ ಸಂಶಯ ಅಂಟಿಕೊಂಡುಬಿಡುತ್ತದೆ. ‘ಕಾಯಂ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಅರಬ್ಬಿಯಿಂದ ಬಂದು ನಮ್ಮ ಕಚೇರಿಗಳಲ್ಲಿ ಬೇರೂರಿದ ಪದ ಇದು. ಕೆಲಸ ಕಾಯಂ ಆಯಿತೆಂದರೆ ಇನ್ನು ಅಲುಗಾಡುವ ಭಯವಿಲ್ಲವೆಂದು ಅರ್ಥ. ಪರದೇಶದ ‘ಕಾಯಂ ನಿವಾಸಿ’ಯ ಸಂಗತಿ ಮಾತ್ರ ಹಾಗಲ್ಲ. ಅವನ ಕಾಯಂತನ ಅವನು ಅಲ್ಲಿ ಕಳೆದ ದಿನಗಳ ಮೇಲೆ ನಿಂತಿರುತ್ತದೆ. ದಿನ ಕಡಿಮೆ ಬಿದ್ದರೆ ಅದು ಕೈತಪ್ಪಬಹುದು.

ಕೆನಡಾ ದೇಶದ ಕಾನೂನನ್ನು ನೋಡೋಣ. ನಮ್ಮ ನಾಡಿನ ಅನೇಕ ಮನೆಗಳ ಮಕ್ಕಳು ಇಂದು ಅಲ್ಲಿದ್ದಾರೆ. 2001ರಲ್ಲಿ ಅಂಗೀಕಾರವಾಗಿ 2002ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಅಲ್ಲಿನ ವಲಸೆ ಕಾನೂನಿನಂತೆ, ಕಾಯಂ ನಿವಾಸಿಯಾದವನು ಪ್ರತಿ ಐದು ವರ್ಷಗಳ ಅವಧಿಯಲ್ಲಿ ಒಟ್ಟು 730 ದಿನಗಳಾದರೂ ಆ ನೆಲದಲ್ಲಿ ಇರತಕ್ಕದ್ದು. ಒಂದೇ ಸಮನೆ ಇರಬೇಕೆಂದಿಲ್ಲ, ಬಿಡಿಬಿಡಿಯಾಗಿಯೂ ತುಂಬಿಸಬಹುದು. ಅಲ್ಲಿನ ಪ್ರಜೆಯಾದ ಗಂಡನೊಡನೆಯೋ ಹೆಂಡತಿಯೊಡನೆಯೋ ಹೊರದೇಶದಲ್ಲಿದ್ದ ದಿನಗಳು ಲೆಕ್ಕಕ್ಕೆ ಸೇರುತ್ತವೆ. ಅಲ್ಲಿನ ಸಂಸ್ಥೆಯೊಂದು ಪೂರ್ಣಾವಧಿಯ ಕೆಲಸಕ್ಕೆಂದು ಹೊರಗೆ ಕಳುಹಿಸಿದ ದಿನಗಳೂ ಸೇರುತ್ತವೆ. ಹಾಸಿಗೆ ಹಿಡಿದ ತಂದೆಯ ಪಕ್ಕದಲ್ಲಿ ಕುಳಿತ ದಿನಗಳು ತಾವಾಗಿ ಸೇರುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಇಕ್ಕಟ್ಟಿನಲ್ಲಿ ಸಿಕ್ಕಿದ್ದಾನೆ. ಅಲ್ಲಿ ಇನ್ನೂ 330 ದಿನ ಕಳೆದಿದ್ದ. ಇಲ್ಲಿ ತಂದೆಗೆ ಲಕ್ವ ಹೊಡೆಯಿತು. ಬಂದವನು ಸುಮಾರು ಮೂರು ವರ್ಷ ಇಲ್ಲೇ ಉಳಿದ. ಈಗ ಐದನೆಯ ವರ್ಷ ತುಂಬಲು 420 ದಿನಗಳಿವೆ, ತುಂಬಿಸಬೇಕಾದವು 400. ಇನ್ನಿಪ್ಪತ್ತು ದಿನದೊಳಗೆ ವಿಮಾನ ಹತ್ತದಿದ್ದರೆ ಲೆಕ್ಕ ಕೂಡುವುದಿಲ್ಲ. “ಸಾರ್, ಅಪ್ಪನ ಆಯುಸ್ಸನ್ನು ಕ್ಯಾಲೆಂಡರಿನ ಜೊತೆ ತೂಗಿ ನೋಡೋ ಹಾಗಾಗಿದೆ” ಎಂದ. ಅವನ ತಾಯಿ ಮಾತ್ರ, “ಹೋಗಿ ಬಾರಪ್ಪ, ಇಲ್ಲಿ ನಿನ್ನ ದಿನಾನ ಲೆಕ್ಕ ಇಡೋರು ಯಾರಿದ್ದಾರೆ?” ಎಂದರಂತೆ.

ಇದಕ್ಕಿಂತ ವಿಚಿತ್ರವಾದುದು ಮುಂದಿನ ಮೆಟ್ಟಿಲು. ಐದು ವರ್ಷಗಳಲ್ಲಿ 1095 ದಿನ ಅಲ್ಲಿದ್ದವನು, ಇತರ ನಿಬಂಧನೆಗಳನ್ನು ಪೂರೈಸಿ ಆ ದೇಶದ ಪ್ರಜೆಯಾಗಬಹುದು. ಪ್ರಜೆಯಾದ ಮೇಲೆ 730 ದಿನಗಳ ಕಟ್ಟಿಲ್ಲ. ಎಲ್ಲಿ ಬೇಕಾದರೂ ಬಾಳಬಹುದು. ಆದರೆ ನಮ್ಮ 1955ರ ಪೌರತ್ವ ಕಾನೂನಿನಂತೆ, ತಾನಾಗಿ ಬೇರೆ ದೇಶದ ಪ್ರಜೆಯಾದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಹಾಗೆ ಬಿಟ್ಟುಹೋದವರಿಗಾಗಿ 2005ರಿಂದ ಸಾಗರೋತ್ತರ ಭಾರತೀಯರೆಂಬ ಚೀಟಿಯ ಏರ್ಪಾಡಿದೆ; ಅದಿದ್ದರೆ ಇಲ್ಲಿ ಬಂದು ಎಷ್ಟು ಕಾಲವಾದರೂ ಇರಬಹುದು. ಎಂದರೆ, ತಾಯ್ನಾಡಿನ ಪ್ರಜೆತನವನ್ನು ತೊರೆದವನು ತಾಯ ಬಳಿಗೆ ನಿಶ್ಚಿಂತೆಯಿಂದ ಮರಳುತ್ತಾನೆ. ತೊರೆಯಲೊಲ್ಲದವನು ದಿನವೆಣಿಸುತ್ತ ಕೂರುತ್ತಾನೆ!

ಹಾಗಾದರೆ ಈ ಎಣಿಕೆಯೇ ಅನ್ಯಾಯವೆನ್ನೋಣವೇ? ಹಾಗೆನ್ನುವ ಮೊದಲು ಎಣಿಕೆಯಿಲ್ಲದಿದ್ದರೆ ಅದರ ಜಾಗದಲ್ಲಿ ಏನಿರುತ್ತಿತ್ತು ಎಂಬುದನ್ನು ವಿಚಾರಿಸಬೇಕು. ಕೆನಡಾದ ಹಿಂದಿನ, 1976ರ ಕಾನೂನು ಮನಸ್ಸನ್ನು ಕೇಳುತ್ತಿತ್ತು. ದೇಶವನ್ನು ತೊರೆಯುವ ಉದ್ದೇಶದಿಂದ ಹೊರಗೆ ಹೋದವನು ಕಾಯಂ ನಿವಾಸಿಯಾಗಿ ಉಳಿಯುತ್ತಿರಲಿಲ್ಲ. ಹನ್ನೆರಡು ತಿಂಗಳಲ್ಲಿ 183 ದಿನಗಳಿಗಿಂತ ಹೆಚ್ಚು ಹೊರಗಿದ್ದರೆ ಅಂಥ ಉದ್ದೇಶವಿತ್ತೆಂದೇ ಎಣಿಸಿ, ಇಲ್ಲವೆಂದು ತೋರಿಸುವ ಹೊಣೆಯನ್ನು ಅವನ ಮೇಲೆ ಹೊರಿಸುತ್ತಿದ್ದರು. ಅಮೆರಿಕದಲ್ಲಿ ಇಂದಿಗೂ ಪ್ರಶ್ನೆ ಮುಖ್ಯವಾಗಿ ಉದ್ದೇಶದ್ದೇ. ದೀರ್ಘಕಾಲ ಹೊರಗಿದ್ದು ಬಂದವನ ಮನೆ ಎಲ್ಲಿದೆ, ತೆರಿಗೆ ಎಲ್ಲಿ ಕಟ್ಟಿದ, ಕೆಲಸ ಎಲ್ಲಿ, ಹೆಂಡತಿ ಮಕ್ಕಳು ಎಲ್ಲಿ ಎಂದು ನೋಡಿ ಅವನ ಹೃದಯ ಯಾವ ಕಡೆಗಿದೆಯೆಂದು ಊಹಿಸುತ್ತಾರೆ.

ಮೇಲುನೋಟಕ್ಕೆ ಇದು ಹೆಚ್ಚು ಮಾನವೀಯವೆಂದು ತೋರುತ್ತದೆ. ಆದರೆ ಅಪರಿಚಿತನ ಹೃದಯವನ್ನು ಹೊಕ್ಕು ನೋಡುವ ಶಕ್ತಿ ಯಾವ ಅಧಿಕಾರಿಗೆ ಇದೆ? ಸ್ವಂತ ಮನೆಯೂ ಒಳ್ಳೆಯ ವಕೀಲನೂ ಇದ್ದವನ ಹೃದಯ ಬೇಗ ಸಾಬೀತಾಗುತ್ತದೆ. ಬಾಡಿಗೆ ಕೋಣೆಯಲ್ಲಿದ್ದು ದುಡಿದವನದು ಅನುಮಾನಕ್ಕೆ ಈಡಾಗುತ್ತದೆ. ದಿನವಾದರೋ ಬಡವನಿಗೂ ಬಲ್ಲಿದನಿಗೂ ಇಪ್ಪತ್ತುನಾಲ್ಕೇ ಗಂಟೆ. ನಮ್ಮ ನಾಡಿನ ಒಂದು ಭಾಗವೂ ಇಂಥ ನಿಯಮವನ್ನು ಕಂಡಿದೆ. ಕಲಬುರಗಿ, ಬೀದರ, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1919ರ ಮುಲ್ಕಿ ನಿಯಮಗಳಂತೆ ಹೊರಗಿನಿಂದ ಬಂದವನು ಅಲ್ಲಿನವನೆನಿಸಿಕೊಳ್ಳಲು ಹದಿನೈದು ವರ್ಷ ನೆಲೆಸಿದ್ದರೆ ಸಾಲದಾಗಿತ್ತು. ಹಿಂದಿನ ಊರಿಗೆ ಮರಳುವ ಯೋಚನೆಯನ್ನು ಬಿಟ್ಟಿದ್ದೇನೆಂದು ಪ್ರಮಾಣಪತ್ರವನ್ನೂ ಕೊಡಬೇಕಾಗಿತ್ತು. ಹುಟ್ಟಿದೂರಿನ ನೆನಪನ್ನು ಪ್ರಮಾಣ ಮಾಡಿ ತೊರೆಯಿರೆಂದು ಕೇಳುವುದಕ್ಕಿಂತ ಇಷ್ಟು ದಿನ ಇರಿ ಎಂದು ಕೇಳುವುದೇ ಮೇಲಲ್ಲವೇ? ಊರಿಗೆ ಬಂದವಳು ನೀರಿಗೆ ಬರಲಿ ಎಂದು ಊರು ಬಯಸಿದರೆ ತಪ್ಪಿಲ್ಲ. ಅವಳು ತವರನ್ನು ಮರೆತಳೇ ಎಂದು ತನಿಖೆ ಮಾಡಬಾರದು.

ಆದ್ದರಿಂದ ಎಣಿಸುವ ಹಕ್ಕು ದೇಶಕ್ಕೆ ಉಂಟು. ಎಣಿಕೆಗೆ ಒಂದು ಮೇರೆಯೂ ಉಂಟು. ಮಹಾಭಾರತದ ವಿರಾಟಪರ್ವವನ್ನು ನೆನೆಯಿರಿ. ಗೋಗ್ರಹಣದ ರಂಗದಲ್ಲಿ ಅರ್ಜುನ ಕಾಣಿಸಿಕೊಂಡಾಗ ಹದಿಮೂರು ವರ್ಷ ತುಂಬಿತೇ ಇಲ್ಲವೇ ಎಂಬ ವಾದವೆದ್ದಿತು. ಐದೈದು ವರ್ಷಕ್ಕೆ ಎರಡೆರಡು ಅಧಿಕಮಾಸಗಳು ಬರುವುದನ್ನು ಕೂಡಿಸಿ, ಅವಧಿ ಮುಗಿದಿದೆಯೆಂದು ಭೀಷ್ಮ ತೀರ್ಪುಕೊಟ್ಟ. ಲೆಕ್ಕವೇನೋ ಸರಿಯಾಯಿತು, ದುರ್ಯೋಧನನ ಮನಸ್ಸು ಸರಿಯಾಗಲಿಲ್ಲ. ಎಣಿಕೆ ಒಂದು ವಾದವನ್ನು ಮುಗಿಸಬಲ್ಲುದೇ ಹೊರತು ಧರ್ಮವನ್ನು ಹುಟ್ಟಿಸಲಾರದು.

ದಿನಗಳಿಗೆ ಇದಕ್ಕಿಂತ ಹೆಚ್ಚಿನ ಬೆಲೆ ಕೊಟ್ಟರೆ ಎರಡು ಕೇಡುಗಳು ತಲೆಯೆತ್ತುತ್ತವೆ. ಒಂದು ವಂಚನೆ. ಇಲ್ಲದ ದಿನಗಳನ್ನು ಇದ್ದವೆಂದು ತೋರಿಸಲು ಪಾಸ್‌ಪೋರ್ಟಿಗೆ ಸುಳ್ಳು ಮುದ್ರೆ ಒತ್ತಿಸಿ ಕೊಡುತ್ತಿದ್ದ ವಲಸೆ ಸಲಹೆಗಾರನೊಬ್ಬನಿಗೆ 2015ರಲ್ಲಿ ಕೆನಡಾದ ನ್ಯಾಯಾಲಯ ಏಳು ವರ್ಷಗಳ ಸೆರೆ ವಿಧಿಸಿತು. ಇನ್ನೊಂದು ಕೇಡು ಕಾನೂನಿನ ಕಣ್ಣಿಗೆ ಬೀಳದು. ಬಾಳುವ ಮನಸ್ಸಿಲ್ಲದೆ, ಬಾಡಿಗೆ ಕಟ್ಟಿದಂತೆ ದಿನ ಕಟ್ಟಿ ಬರುವವರಿದ್ದಾರೆ. ಅವರು ಕಾನೂನನ್ನು ಮುರಿದಿಲ್ಲ; ಆದರೆ ಅಲ್ಲಿಯೂ ಇದ್ದಂತಾಗಲಿಲ್ಲ, ಇಲ್ಲಿಯೂ ಇದ್ದಂತಾಗಲಿಲ್ಲ.

ಆ ತಾಯಿಯ ಮಾತಿಗೆ ಈಗ ಬರೋಣ. ಇಲ್ಲಿ ಲೆಕ್ಕ ಇಡುವವರಿಲ್ಲ ಎಂದದ್ದು ನಿಜ. ಮಗ ಐದು ವರ್ಷ ಮುಖ ತೋರದಿದ್ದರೂ ಮಗನೇ. ಅವನ ಸ್ಥಾನವನ್ನು ಯಾವ ಕಚೇರಿಯೂ ಕಿತ್ತುಕೊಳ್ಳದು. ತಾಯಿಯ ಔದಾರ್ಯ ಅದು. ಆದರೆ ಕೇಳುವವರಿಲ್ಲದ ಸಾಲವನ್ನೇ ನಾವು ಕೊನೆಗೆ ತೀರಿಸುವುದು. ಎಷ್ಟೋ ವೇಳೆ ತೀರಿಸುವುದೇ ಇಲ್ಲ. ದಂಡ ವಿಧಿಸುವ ಲೆಕ್ಕಕ್ಕೆ ಹೆದರಿ, ದಂಡವಿಲ್ಲದ ಲೆಕ್ಕವನ್ನು ಮರೆಯುವುದು ನಮ್ಮ ಕಾಲದ ದೊಡ್ಡ ಅಪಾಯವೆಂದು ನನಗೆ ತೋರುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟು. ಅಲ್ಲಿನ ಕಾನೂನಿನಲ್ಲಿಯೂ ಒಂದು ಬಾಗಿಲಿದೆ. ದಿನ ಕಡಿಮೆ ಬಿದ್ದ ಮಾತ್ರಕ್ಕೆ ಸ್ಥಾನ ತಾನಾಗಿ ಹೋಗುವುದಿಲ್ಲ. ಅಧಿಕಾರಿ ಹಾಗೆಂದು ತೀರ್ಮಾನಿಸಬೇಕು, ಆ ತೀರ್ಮಾನದ ಮೇಲೆ ಮನವಿ ಸಲ್ಲಿಸಬಹುದು. ಮಾನವೀಯ ಕಾರಣಗಳನ್ನು ಮುಂದಿಟ್ಟರೆ ಅವನ್ನು ಪರಿಶೀಲಿಸಬೇಕು. ತಂದೆಯ ಶುಶ್ರೂಷೆ ಅಂಥ ಕಾರಣವಾಗಿ ಹೇಳಿಕೊಳ್ಳತಕ್ಕದ್ದೇ. ಒಪ್ಪುವರೆಂಬ ಭರವಸೆಯಿಲ್ಲ. ಒಪ್ಪದಿದ್ದರೆ ಸ್ಥಾನ ಹೋಗುತ್ತದೆ, ಆ ನಷ್ಟ ಸಣ್ಣದಲ್ಲ. ಆದರೂ ಅದನ್ನು ಮತ್ತೊಮ್ಮೆ ಕೇಳಿ ಪಡೆಯಲು ಯತ್ನಿಸಬಹುದು. ತಂದೆಯ ಕೊನೆಯ ದಿನಗಳ ವಿಷಯದಲ್ಲಿ ಆ ಅವಕಾಶವಿಲ್ಲ. ಅಲ್ಲಿ ಹೆಂಡತಿ ಮಕ್ಕಳಿದ್ದು ಅವರ ಅನ್ನ ಆ ಸ್ಥಾನವನ್ನೇ ನೆಚ್ಚಿದ್ದರೆ ಹೋಗುವುದೇ ಧರ್ಮವಾದೀತು. ಒಂಟಿಯಾದ ಇವನ ಮಟ್ಟಿಗೆ ನಿಲ್ಲುವುದು ಧರ್ಮವೆಂದು ನನ್ನ ನಂಬಿಕೆ. ಹೋದರೂ ನಿಂತರೂ ಒಂದನ್ನು ಮಾತ್ರ ಅವನು ಕಚೇರಿಯ ಲೆಕ್ಕಕ್ಕೆ ಬಿಡಬಾರದು. ಎಷ್ಟು ದಿನ ಇದ್ದೆ ಎಂಬುದಕ್ಕೆ ಪಾಸ್‌ಪೋರ್ಟು ಉತ್ತರ ಹೇಳೀತು; ಯಾರಿಗಾಗಿ ಇದ್ದೆ ಎಂಬುದಕ್ಕೆ ತಾನೇ ಉತ್ತರ ಹೇಳಬೇಕು.