ಇಡುವ ಕೈ

ವಸ್ತುವೊಂದನ್ನು ಕೈಗೆತ್ತಿಕೊಳ್ಳುವಾಗ ಮನುಷ್ಯನಿಗೆ ಅದರಿಂದ ಆಗಬೇಕಾದ ಕಾರ್ಯವೊಂದು ಕಣ್ಣೆದುರಿಗಿರುತ್ತದೆ. ಆದಕಾರಣ ಎತ್ತುವ ಕೈಯಲ್ಲಿ ಎಚ್ಚರವಿದ್ದರೆ ಅದನ್ನು ವಿಶೇಷ ಗುಣವೆಂದು ಎಣಿಸಬೇಕಾಗಿಲ್ಲ. ಕಾರ್ಯವು ಮುಗಿದ ಮೇಲೆ, ಮೈ ದಣಿದು, ಮನಸ್ಸು ಆಗಲೇ ಮನೆಯ ಹಾದಿ ಹಿಡಿದಿರುವಾಗ, ನೋಡುವವರು ಯಾರೂ ಇಲ್ಲದಿರುವಾಗ, ಅದೇ ವಸ್ತುವನ್ನು ಅವನು ಯಾವ ಬಗೆಯಲ್ಲಿ ಕೆಳಗಿಡುವನೆಂಬುದರಲ್ಲಿ ಅವನ ಅಂತರಂಗದ ಪರೀಕ್ಷೆಯಿದೆ. ಹಗ್ಗವನ್ನು ಸುತ್ತಿಡುವುದು, ಹುಟ್ಟನ್ನು ಒರೆಸಿಡುವುದು, ಲಾಳಿಯ ಧೂಳನ್ನು ಕೊಡವಿಡುವುದು ಧರ್ಮಜಿಜ್ಞಾಸೆಗೆ ತಕ್ಕ ವಿಷಯಗಳೇ ಎಂದು ಕೆಲವರು ಕೇಳಿಯಾರು. ನನಗಂತೂ ಈ ಪ್ರಶ್ನೆ ಗ್ರಂಥದಿಂದ ಬಂದುದಲ್ಲ. ಹೊಳೆಯ ದಂಡೆಯಿಂದ ಬಂದುದು.

ಶಿರಹಟ್ಟಿ ಮತ್ತು ಮುಂಡರಗಿ ಸೀಮೆಗಳ ತೆಂಕಣ ಅಂಚನ್ನು ತೋಯಿಸುತ್ತ ಹರಿಯುವ ತುಂಗಭದ್ರೆಗೆ ಸೇತುವೆಗಳು ಬರುವುದಕ್ಕೆ ಮುನ್ನ, ಹಮ್ಮಿಗಿಯ ಬಳಿ ಸಿಂಗಟಾಲೂರು ಬ್ಯಾರೇಜು ನೀರನ್ನು ತಡೆದು ನಿಲ್ಲಿಸುವುದಕ್ಕೆ ಬಹಳ ಮುನ್ನ, ಜನವನ್ನು ದಂಡೆಯಿಂದ ದಂಡೆಗೆ ದಾಟಿಸುತ್ತಿದ್ದುದು ಹರಿಗೋಲು. ಸೀಳಿದ ಬಿದಿರನ್ನು ದುಂಡಗೆ ಹೆಣೆದು, ಹೊರಮೈಗೆ ಚರ್ಮವನ್ನು ಬಿಗಿದು ಮಾಡಿದ ಆ ಬುಟ್ಟಿಯನ್ನು, 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಿಸನು ಇದೇ ಹೊಳೆಯ ಕೆಳಪಾತ್ರದಲ್ಲಿ ಕಂಡು, ಅದು ಹದಿನೈದಿಪ್ಪತ್ತು ಜನರನ್ನು ಹೊರುವುದೆಂದೂ, ನೆಟ್ಟಗೆ ಸಾಗಲಾರದೆ ಸುತ್ತುತ್ತಲೇ ಹೋಗುವುದೆಂದೂ ಬರೆದಿಟ್ಟಿದ್ದಾನೆ. ಅವನು ಕಂಡುದು ಹರಿಗೋಲಿನ ಯಾನವನ್ನು. ಯಾನ ಮುಗಿದ ಬಳಿಕ ಅಂಬಿಗನು ಅದಕ್ಕೆ ಮಾಡುವ ಉಪಚಾರವನ್ನು ಅವನು ಬರೆದಿಲ್ಲ. ಚರ್ಮವು ನೀರಿನಲ್ಲಿಯೇ ನೆನೆದಿದ್ದರೆ ಕೊಳೆಯುತ್ತದೆ; ಬಿರುಬಿಸಿಲಿನಲ್ಲಿ ಬಿದ್ದಿದ್ದರೆ ಸೆಟೆದು ಬಿರಿಯುತ್ತದೆ. ಆದುದರಿಂದ ಸಂಜೆ ಅದನ್ನು ದಂಡೆಗೆಳೆದು, ಒಳಗೆ ನಿಂತ ನೀರನ್ನೂ ದಾಟಿದವರ ಕಾಲಿಗೆ ಮೆತ್ತಿ ಬಂದ ಎರೆಮಣ್ಣನ್ನೂ ತೊಳೆದು, ಮರದ ನೆರಳಿನಲ್ಲಿ ಬೋರಲು ಹಾಕಬೇಕು. ಚರ್ಮದ ಸ್ಥಾನಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದ ಮೇಲೆಯೂ ಬೋರಲು ಹಾಕುವ ಆ ಕ್ರಮ ಹೋಗಿಲ್ಲ.

ಬಾಲ್ಯದಲ್ಲಿ ನಾನು ಕಂಡ ಒಂದು ಕಡವಿನಲ್ಲಿ, ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಜಾತ್ರೆಗೆ ಹೋಗುವ ಹಿಂದೂಗಳೂ ಮುಸಲ್ಮಾನರೂ ಒಂದೇ ಹರಿಗೋಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ದಾಟುತ್ತಿದ್ದ ಕಾಲದಲ್ಲಿ, ವೃದ್ಧ ಅಂಬಿಗನೊಬ್ಬನೂ ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹದಿಮೂರು ಹದಿನಾಲ್ಕರ ಹುಡುಗನೊಬ್ಬನೂ ಇದ್ದರು. ಆ ಹುಡುಗನಿಗೆ ಮೊದಲ ವರ್ಷ ಹುಟ್ಟು ಹಾಕಲು ಕೊಟ್ಟುದನ್ನು ನಾನು ಕಾಣಲಿಲ್ಲ. ತೊಳೆಯುವುದು, ಒರೆಸುವುದು, ಸುತ್ತಿಡುವುದು, ಇಷ್ಟೇ ಅವನ ಪಾಲಿನ ವಿದ್ಯೆ. ಒಂದು ಸಂಜೆ ಅವನು ಕೆಸರಾದ ಹಗ್ಗವನ್ನು ಗೂಟದ ಬುಡಕ್ಕೆ ಒಗೆದು ಮನೆಗೆ ಹೊರಟಾಗ ಮುದುಕನು ತಡೆದನು.

"ತಮ್ಮಾ, ಹಗ್ಗ ಒಗದು ಹೊಂಟಿ. ನಾಳೆ ಮುಂಜಾನೆ ಕತ್ತಲದಾಗ ಬಂದಾಂವ ಅದನ್ನ ಹೆಂಗ ಹುಡುಕಬೇಕು?"

"ನಾಳೆ ನಾನ ಬರ್ತೀನಿ ಯಜ್ಜಾ. ನಾನ ಬಿಡಿಸ್ತೀನಿ."

"ಬರೂದು ನಿನ್ನ ಕೈಯಾಗ ಐತೇನು?"

ಹುಡುಗನು ಮರುಮಾತಾಡದೆ ಹಗ್ಗವನ್ನು ನೀರಿಗೆ ಅದ್ದಿ, ಜಾಲಿಸಿ, ಸುತ್ತತೊಡಗಿದನು. ಅವನು ಎಡಕ್ಕೆ ಸುತ್ತುತ್ತಿರುವುದನ್ನು ಕಂಡು ಮುದುಕನು ಅದನ್ನೂ ತಿದ್ದಿದನು. ಬಲಕ್ಕೆ ಹುರಿಹಾಕಿದ ಹಗ್ಗವನ್ನು ಬಲಕ್ಕೇ ಸುತ್ತಬೇಕು, ಇಲ್ಲದಿದ್ದರೆ ಅದು ತಿರುಚಿಕೊಂಡು ಗಂಟಾಗುತ್ತದೆ. ದೇವಾಲಯವನ್ನು ನಾವು ಪ್ರದಕ್ಷಿಣೆ ಮಾಡುವ ದಿಕ್ಕೂ ಅದೇ. ಸಾಗರಗಳಲ್ಲಿ ಸಂಚರಿಸುವ ಹಡಗುಗಳಲ್ಲಿಯೂ ಶ್ರೀಮಂತರ ವಿಹಾರನೌಕೆಗಳಲ್ಲಿಯೂ ಹೊಸದಾಗಿ ಸೇರಿದ ಕಿರಿಯ ನಾವಿಕನಿಗೆ ಕಲಿಸುವ ಆದಿಪಾಠಗಳಲ್ಲಿ ಇದೂ ಒಂದೆಂಬುದನ್ನು ನಾನು ಬಹಳ ಕಾಲದ ಮೇಲೆ ತಿಳಿದೆನು. ಅಲ್ಲಿ ಉಪ್ಪುನೀರು ಒಣಗಿ ಹರಳುಗಟ್ಟಿ ಹಗ್ಗದ ನಾರನ್ನು ಒಳಗಿಂದಲೇ ತರಿಯುವುದರಿಂದ, ಹಲಗೆಯ ನೆಲವನ್ನೂ ಹಗ್ಗಗಳನ್ನೂ ಸಿಹಿನೀರಿನಲ್ಲಿ ತೊಳೆಯುವುದು ಅವರ ನಿತ್ಯನೇಮ. ತುಂಗಭದ್ರೆಯ ದಂಡೆಯ ಮುದುಕನು ಸಮುದ್ರವನ್ನು ಕಂಡವನಲ್ಲ. ಆದರೂ ನೀರಿನೊಡನೆ ಬಾಳುವವರೆಲ್ಲರೂ ಬೇರೆಬೇರೆ ದಂಡೆಗಳಲ್ಲಿ ನಿಂತು ಒಂದೇ ನೇಮವನ್ನು ಕಂಡುಕೊಂಡಿದ್ದಾರೆ.

ಆದರೆ ಮುದುಕನ ಕೊನೆಯ ಪ್ರಶ್ನೆ ಹಗ್ಗದ ಆಯುಸ್ಸನ್ನು ಕುರಿತುದಲ್ಲ. ಮನುಷ್ಯನ ಆಯುಸ್ಸನ್ನು ಕುರಿತುದು. ನಾಳೆ ನಾನೇ ಬರುವೆನೆಂಬ ನಂಬಿಕೆಯೇ ಅಲಕ್ಷ್ಯದ ಮೂಲ. ಸಲಕರಣೆಯನ್ನು ಹೇಗೋ ಎಸೆದು ಹೋಗುವವನು ತಾನು ಮರಳುವೆನೆಂದೂ, ತನ್ನ ಗೊಂದಲವನ್ನು ತಾನೇ ಬಿಡಿಸುವೆನೆಂದೂ ಭಾವಿಸಿರುತ್ತಾನೆ. ಅಂದರೆ ತನ್ನನ್ನು ಚಿರಂಜೀವಿಯೆಂದು ಬಗೆದಿರುತ್ತಾನೆ. ಒಪ್ಪವಾಗಿ ಇರಿಸಿ ಹೋಗುವವನಾದರೋ, ತಾನು ಅರಿತೋ ಅರಿಯದೆಯೋ, ತನ್ನ ಅನಿತ್ಯತೆಯನ್ನು ಒಪ್ಪಿಕೊಂಡು, ತನ್ನ ಅನಂತರ ಬರುವ ಹೆಸರರಿಯದ ಒಬ್ಬನಿಗೆ ತನ್ನ ಸ್ಥಾನವನ್ನು ಬಿಟ್ಟುಕೊಟ್ಟು ಹೋಗುತ್ತಾನೆ. ಪ್ರತಿ ಸಂಜೆಯೂ ಹೀಗೆ ಬಿಟ್ಟುಕೊಡುವುದನ್ನು ಅಭ್ಯಾಸ ಮಾಡಿದವನಿಗೆ ವೈರಾಗ್ಯವೆಂಬುದು ಹೊಸ ಪಾಠವಾಗಲಾರದು.

ಇದೇ ಹೊಳೆಯ ಮೇಲ್ದಂಡೆಯಲ್ಲಿ, ಈಗಿನ ಹಾವೇರಿ ಜಿಲ್ಲೆಯ ಚೌಡದಾನಪುರದಲ್ಲಿ, ಹನ್ನೆರಡನೆಯ ಶತಮಾನದ ಶರಣನಾದ ಅಂಬಿಗರ ಚೌಡಯ್ಯನ ಸಮಾಧಿಯಿದೆ. ಬಹುಪಾಲು ಶರಣರು ತಮ್ಮ ಆರಾಧ್ಯದೈವದ ಹೆಸರನ್ನು ಅಂಕಿತವಾಗಿ ಇರಿಸಿಕೊಂಡಿರುವಾಗ ಇವನು ತನ್ನ ಕಾಯಕವನ್ನು ಹೊತ್ತ ತನ್ನ ಹೆಸರನ್ನೇ ಅಂಕಿತವಾಗಿ ಇರಿಸಿಕೊಂಡನು. ಇದನ್ನು ದರ್ಪವೆಂದು ತಿಳಿಯುವವರಿರಬಹುದು. ನನಗೆ ಅದು ಹೊಣೆಯೆಂದು ತೋರುತ್ತದೆ. ದಾಟಿಸುವ ಕೆಲಸದಲ್ಲಿ ತಪ್ಪಾದರೆ ಮುಳುಗುವವರು ಹಲವರು. ಅಲ್ಲಿ ತನ್ನ ಹೆಸರನ್ನು ಮುಂದೊಡ್ಡಿ ನಿಲ್ಲುವುದು ಸಾಮಾನ್ಯವಲ್ಲ. ಕಾಯಕವೆಂಬ ಶಬ್ದವನ್ನು ನಾವಿಂದು ಭಾಷಣಗಳಲ್ಲಿ ಸವೆಯಿಸಿದ್ದೇವೆ. ಆ ಶಬ್ದದೊಳಗೆ ದುಡಿಮೆ ಎಷ್ಟಿದೆಯೋ, ದುಡಿಮೆಗೆ ಒದಗಿದುದನ್ನು ಮರಳಿ ನೆಲೆಗೆ ಸೇರಿಸುವುದೂ ಅಷ್ಟೇ ಇದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ನಾವೆಲ್ಲರೂ ಆಸೆಯ ನಿಗ್ರಹಕ್ಕೆ ನಿದರ್ಶನವಾಗಿ ಓದುತ್ತೇವೆ. ಎತ್ತಿದುದನ್ನು ಅದರ ಸ್ಥಾನಕ್ಕೆ ಮರಳಿಸುವ ಕಥೆಯೆಂದೂ ಅದನ್ನು ಓದಬಹುದು.

ಈ ವಿಚಾರಕ್ಕೆ ಶಾಸ್ತ್ರದಲ್ಲಿ ಹೆಸರೇ ಇಲ್ಲವೆಂದು ನಾನು ಬಹುಕಾಲ ತಿಳಿದಿದ್ದೆನು. ಲಕ್ಷ್ಮೇಶ್ವರದ ಶಂಖಬಸದಿಯನ್ನು ನೋಡಲು ಹೋದಾಗ ಆ ಅಜ್ಞಾನ ನೀಗಿತು. ಪ್ರಾಚೀನ ಕಾಲದಲ್ಲಿ ಪುಲಿಗೆರೆಯೆಂದು ಖ್ಯಾತವಾದ, ತಿರುಳ್ಗನ್ನಡದ ನಾಡಿಗೆ ಸೇರಿದ ಆ ಊರಿನ ಬಸದಿಯಲ್ಲಿ, ಶಂಖಲಾಂಛನನಾದ ನೇಮಿನಾಥನ ಸನ್ನಿಧಿಯಲ್ಲಿ, ಒಂದೇ ಶಿಲೆಯಲ್ಲಿ ಸಾಲುಸಾಲಾಗಿ ಕಿರುಬಿಂಬಗಳನ್ನು ಕಡೆದ ಸಹಸ್ರಕೂಟದ ಮುಂದೆ ನಿಂತಿದ್ದಾಗ, ಜೊತೆಗಿದ್ದ ವೃದ್ಧ ಶ್ರಾವಕರೊಬ್ಬರು ಮುನಿಗಳ ಆಚಾರವನ್ನು ವಿವರಿಸಿದರು. ಜೈನಮುನಿಗಳಿಗೆ ಪಂಚಮಹಾವ್ರತಗಳಿರುವಂತೆಯೇ ಐದು ಸಮಿತಿಗಳಿವೆ: ನಡೆಯುವಲ್ಲಿ ಎಚ್ಚರ, ನುಡಿಯುವಲ್ಲಿ ಎಚ್ಚರ, ಆಹಾರ ಸ್ವೀಕರಿಸುವಲ್ಲಿ ಎಚ್ಚರ, ಮಲಾದಿಗಳನ್ನು ವಿಸರ್ಜಿಸುವಲ್ಲಿ ಎಚ್ಚರ, ಇವುಗಳ ನಡುವೆ ಆದಾನ-ನಿಕ್ಷೇಪಣ ಸಮಿತಿಯೆಂಬುದೊಂದು. ಆದಾನವೆಂದರೆ ಎತ್ತಿಕೊಳ್ಳುವುದು, ನಿಕ್ಷೇಪಣವೆಂದರೆ ಇಡುವುದು. ಮುನಿಯು ಕಮಂಡಲುವನ್ನೋ ಶಾಸ್ತ್ರಗ್ರಂಥವನ್ನೋ ಎತ್ತುವಾಗಲೂ ಇಡುವಾಗಲೂ ಆ ಸ್ಥಳವನ್ನು ಕಣ್ಣಿನಿಂದ ನೋಡಿ, ನವಿಲುಗರಿಯ ಪಿಂಛದಿಂದ ಮೃದುವಾಗಿ ಸವರಿ, ಕಣ್ಣಿಗೆ ಬೀಳದ ಜೀವವೊಂದು ಅದರಡಿ ನಲುಗದಂತೆ ನೋಡಿಕೊಳ್ಳಬೇಕು. ಅಹಿಂಸೆಯೆಂಬ ಅಷ್ಟು ದೊಡ್ಡ ತತ್ತ್ವವು ಕೊನೆಗೆ ಕಮಂಡಲುವನ್ನು ನೆಲಕ್ಕೆ ತಾಗಿಸುವ ಬೆರಳುಗಳಲ್ಲಿ ಬಂದು ನಿಂತಿರುವುದನ್ನು ಕಂಡು, ನನಗೆ ಆ ಹೊಳೆದಂಡೆಯ ಸಂಜೆ ನೆನಪಾಯಿತು. ಕತ್ತಲಲ್ಲಿ ಬರುವವನ ಕಾಲಿಗೆ ತೊಡರದಂತೆ ಹಗ್ಗವನ್ನು ಸುತ್ತಿಟ್ಟ ಹುಡುಗನೂ ತನ್ನ ಮಟ್ಟಿಗೆ ಅದೇ ಸಮಿತಿಯನ್ನು ಪಾಲಿಸಿದನು.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ಜಡವಸ್ತುವಿನ ಮೇಲೆ ಇಷ್ಟು ಆಸ್ಥೆಯನ್ನು ಸುರಿಯುವುದು ಮೋಹವಲ್ಲವೇ? ಅಪರಿಗ್ರಹವನ್ನು ಬೋಧಿಸುವ ಧರ್ಮಗಳೇ ಹಗ್ಗದ ಉಪಚಾರವನ್ನೂ ಬೋಧಿಸಿದರೆ ಒಂದು ಇನ್ನೊಂದನ್ನು ಕಡಿಯುವುದಿಲ್ಲವೇ? ನಾನು ಈ ಆಕ್ಷೇಪವನ್ನು ಹಲವು ವರ್ಷ ಮನಸ್ಸಿನಲ್ಲಿ ಹೊತ್ತು ತಿರುಗಿದ್ದೇನೆ. ಮೋಹದ ಲಕ್ಷಣ ತನ್ನದೆಂಬ ಭಾವ. ತನ್ನದಾದ ವಸ್ತುವನ್ನು ಜನ ತಾವಾಗಿಯೇ ಕಾಯುತ್ತಾರೆ, ಅದಕ್ಕೆ ಉಪದೇಶ ಬೇಡ. ಕಲಿಯುವ ಹುಡುಗನ ಕೈಯಲ್ಲಿರುವ ಹಗ್ಗ ಅವನದಲ್ಲ, ಹರಿಗೋಲು ಅವನದಲ್ಲ, ದಾಟುವವರು ಅವನ ನಂಟರಲ್ಲ. ತನ್ನದಲ್ಲದುದನ್ನು ತನ್ನದಕ್ಕಿಂತ ಹೆಚ್ಚಾಗಿ ಕಾಯುವುದರಲ್ಲಿ ಪರಿಗ್ರಹದ ಸೋಂಕು ಎಲ್ಲಿಂದ ಬರಬೇಕು? ವಸ್ತುವನ್ನು ಅಲಕ್ಷಿಸಿ ಕೆಡಿಸಿ ಮತ್ತೊಂದನ್ನು ಬೇಡುವವನೇ ಪರಿಗ್ರಹವನ್ನು ಬೆಳೆಸುವವನು. ಇರುವ ಒಂದನ್ನು ಹತ್ತು ವರ್ಷ ಬಾಳಿಸುವವನು ಪರಿಗ್ರಹವನ್ನು ಕುಗ್ಗಿಸುವವನು. ಪತಂಜಲಿಯು ಯೋಗದ ನಿಯಮಗಳನ್ನು ಎಣಿಸುವಾಗ ಶೌಚವನ್ನು ಮೊದಲಿರಿಸಿ, ಸಂತೋಷವನ್ನು ಅದರ ಬೆನ್ನಿಗೇ ಇರಿಸಿದುದರ ಮರ್ಮವೂ ಇದೇ ಇರಬೇಕೆಂದು ನಾನು ಊಹಿಸುತ್ತೇನೆ.

ಒಪ್ಪವಾಗಿ ಇಡುವುದು ಮೋಹವಲ್ಲವೆಂಬ ಮಾತಿಗೆ ಗದುಗಿನಲ್ಲಿ ಕಣ್ಣಾರೆ ಕಾಣುವ ಪ್ರಮಾಣವಿದೆ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳೂ, ಅವರ ಅನಂತರ ಪುಟ್ಟರಾಜ ಗವಾಯಿಗಳೂ ನಡೆಯಿಸಿಕೊಂಡು ಬಂದ ವೀರೇಶ್ವರ ಪುಣ್ಯಾಶ್ರಮದಲ್ಲಿ, ಕಣ್ಣಿಲ್ಲದ ಬಾಲಕರು ಗಾಯನವನ್ನೂ ವಾದನವನ್ನೂ ಕಲಿತು ನಾಡಿನಲ್ಲೆಲ್ಲ ಹೆಸರಾಗಿದ್ದಾರೆ. ಅಂಥ ಬಾಲಕನಿಗೆ ವಸ್ತುವಿನ ಸ್ಥಾನವೇ ಅದರ ರೂಪ. ತಬಲಾದ ಸುತ್ತಿಗೆ ನಿನ್ನೆ ಇದ್ದಲ್ಲಿಯೇ ಇಂದು ಇದ್ದರೆ ಅದು ಇದೆ; ಒಂದು ಮೊಳ ಸರಿದಿದ್ದರೆ ಲೋಕದಿಂದಲೇ ಮಾಯವಾದಂತೆ. ಹಾರ್ಮೋನಿಯಮ್ಮಿನ ತಿದಿಯನ್ನು ಮುಚ್ಚದೆ ಬಿಟ್ಟರೆ ಧೂಳೂ ಹುಳುವೂ ಸೇರುತ್ತವೆ. ತಂಬೂರಿಯ ಸೋರೆಬುರುಡೆಯನ್ನು ನಡೆದಾಡುವ ದಾರಿಯಲ್ಲಿ ಇಟ್ಟರೆ ಒಂದು ಕಾಲಿನ ತಾಗುವಿಕೆಗೆ ಅದು ಒಡೆಯುತ್ತದೆ. ತಬಲಾದ ಚರ್ಮಕ್ಕೆ ತೇವ ತಗುಲಿದರೆ ಸ್ವರ ಇಳಿಯುತ್ತದೆ. ಕಣ್ಣುಳ್ಳ ನಮಗೆ ಅಚ್ಚುಕಟ್ಟು ಎಂಬುದು ಕಣ್ಣಿಗೆ ಅಂದವಾಗಿ ಕಾಣುವ ಗುಣ. ಅವರಿಗೆ ಅದು ಒಬ್ಬರು ಇನ್ನೊಬ್ಬರಿಗೆ ಸಲ್ಲಿಸುವ ಕರುಣೆ. ಒಬ್ಬನು ಸ್ಥಾನ ತಪ್ಪಿಸಿ ಇಟ್ಟುದು ಇನ್ನೊಬ್ಬನನ್ನು ಮತ್ತೊಮ್ಮೆ ಕುರುಡನನ್ನಾಗಿಸುತ್ತದೆ. ಹೊಳೆಯ ಮುದುಕನು ಹೇಳಿದ ಕತ್ತಲಲ್ಲಿ ಬರುವವನು ಯಾರೆಂಬುದನ್ನು ನಾನು ನಿಜವಾಗಿ ಅರಿತುದು ಇದನ್ನು ಯೋಚಿಸುವಾಗ.

ಗದುಗಿನ ವೀರನಾರಾಯಣ ದೇವಾಲಯಕ್ಕೆ ಹೋದವರು ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಹೇಳುವ ಕಂಬವನ್ನು ಮುಟ್ಟಿ ನಮಸ್ಕರಿಸುತ್ತಾರೆ. ಹಲಗೆ ಬಳಪಗಳನ್ನು ಹಿಡಿಯದೆ, ಬರೆದುದನ್ನು ಅಳಿಸದೆ ಬರೆದೆನೆಂಬ ಹೆಮ್ಮೆ ಆ ಮಹಾಕವಿಗೆ ಸಲ್ಲುವುದು. ಆದರೆ ಅವನು ಬರೆದ ಓಲೆಗಳನ್ನು ಪ್ರತಿಮಾಡಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಬಾರದಂತೆ ಕಟ್ಟಿಟ್ಟು, ಮಗನ ಕೈಗೂ ಮೊಮ್ಮಗನ ಕೈಗೂ ದಾಟಿಸಿದವರ ಹೆಸರು ಯಾವ ಕಂಬದ ಮೇಲೆಯೂ ಇಲ್ಲ. ಎತ್ತಿದ ಕೈ ಒಂದು. ಇಟ್ಟ ಕೈಗಳು ಅಸಂಖ್ಯ.

ಬೆಟಗೇರಿಯ ನೇಕಾರರ ಓಣಿಗಳಲ್ಲಿ ಖಂಡೇನವಮಿಯ ದಿನ ಮಗ್ಗಕ್ಕೆ ಮಾಡುವ ಪೂಜೆಯನ್ನು ನಾನು ಭಕ್ತಿಯಿಂದ ನೋಡಿದ್ದೇನೆ. ಕುಣಿಯನ್ನು ಸಾರಿಸಿ, ಲಾಳಿಗಳನ್ನು ಒರೆಸಿ, ಹಣಿಗೆಯ ಎಳೆಸಂದುಗಳ ಧೂಳು ತೆಗೆದು, ಕುಂಕುಮ ಹೂವು ಏರಿಸಿ, ಅಂದು ಮಗ್ಗಕ್ಕೆ ವಿಶ್ರಾಂತಿ ಕೊಡುತ್ತಾರೆ. ಇದನ್ನು ಜಡಪೂಜೆಯೆಂದು ಹಳಿಯುವವರೊಡನೆ ನಾನು ಸೇರಲಾರೆ. ಹಾಗೆಯೇ, ವರ್ಷದ ಉಳಿದ ದಿನಗಳಲ್ಲಿ ಸಲಕರಣೆಯನ್ನು ಒದ್ದು ಬದಿಗೆ ಸರಿಸಿ, ಆ ಒಂದು ದಿನ ಮಾತ್ರ ಅದಕ್ಕೆ ಕುಂಕುಮವಿಡುವವನ ಪೂಜೆ ಪೂಜೆಯೆಂದೂ ಒಪ್ಪಲಾರೆ. ನಿತ್ಯ ಸಂಜೆ ಒರೆಸಿದವನಿಗೆ ಮಾತ್ರ ಆ ದಿನ ಹೂವೇರಿಸುವ ಅಧಿಕಾರವಿದೆ.

ಆದರೆ ಈ ಅಧಿಕಾರವನ್ನು ಕಿರಿಯರು ಗಳಿಸದಿರುವುದಕ್ಕೆ ದೋಷವೆಲ್ಲವೂ ಕಿರಿಯರದಲ್ಲ. ನಾನು ಹಲವು ಕೆಲಸದ ಮನೆಗಳಲ್ಲಿ ಕಂಡಿರುವಂತೆ, ಯಜಮಾನನು ಕೊನೆಯ ನಿಮಿಷದವರೆಗೂ ಹುಡುಗನಿಂದ ದುಡಿಸಿಕೊಂಡು, ದೀಪ ಆರಿಸುವ ಹೊತ್ತಿಗೆ ಒಪ್ಪವಾಗಿ ಇಟ್ಟು ಹೋಗೆಂದು ಗದರುತ್ತಾನೆ. ಒರೆಸುವ ಆ ಹೊತ್ತಿಗೆ ಕೂಲಿಯಿಲ್ಲ, ಕಲಿಸುವ ತಾಳ್ಮೆಯಿಲ್ಲ, ಬಟ್ಟೆಯೂ ಎಣ್ಣೆಯೂ ಕೈಗೆ ಸಿಗುವ ಕಡೆಯಿಲ್ಲ. ಹೊಳೆಯ ಮುದುಕನು ಹಾಗೆ ಮಾಡಲಿಲ್ಲ. ಬೆಳಕು ಇನ್ನೂ ಇರುವಾಗಲೇ ಕೊನೆಯ ಸುತ್ತನ್ನು ನಿಲ್ಲಿಸಿ, ಆಚೆಯ ದಂಡೆಯಿಂದ ಕರೆ ಬಂದರೂ ಮುಂಜಾನೆ ಬರುವೆನೆಂದು ಕೂಗಿ ಹೇಳಿ, ತಾನೂ ಹುಡುಗನ ಜೊತೆಗೆ ಬಾಗಿ ತೊಳೆಯುತ್ತಿದ್ದನು. ಬೆಟಗೇರಿಯ ಮಗ್ಗದ ಮನೆಗಳ ಒಡೆಯರೇ, ಗದುಗಿನ ಅಚ್ಚುಕೂಟಗಳ ಹಿರಿಯರೇ, ಲಕ್ಷ್ಮೇಶ್ವರ ಮುಂಡರಗಿಗಳ ಕಮ್ಮಾರಶಾಲೆ ಬಡಗಿಶಾಲೆಗಳ ಗುರುಗಳೇ, ನಿಮ್ಮಲ್ಲಿ ನನ್ನದೊಂದು ವಿನಂತಿಯಿದೆ: ದಿನದ ಕೊನೆಯ ಕಾಲುಗಂಟೆಯನ್ನು ಇಡುವ ಕೆಲಸಕ್ಕೆ ಬಿಟ್ಟುಕೊಡಿರಿ, ಅದನ್ನು ಕೂಲಿಯ ಲೆಕ್ಕಕ್ಕೆ ಸೇರಿಸಿರಿ, ಮತ್ತು ಆ ಕಾಲುಗಂಟೆಯಲ್ಲಿ ನೀವೂ ಹುಡುಗನ ಪಕ್ಕದಲ್ಲಿ ಇರಿ.